ಚಿಕ್ಕಕಟ್ಟೆ ಗೇಟಿನಲ್ಲಿ ಒಂದು ನಿಮಿಷ

ಗೌರಿ ಹಬ್ಬದ ಹಿಂದಿನ ರಾತ್ರಿ
ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ, ನನ್ನ ಅಂಗಡಿಯಲ್ಲಿ
ಎರಡು ಗಂಟೆಯವರೆಗೂ ಹುಕ್ಕು ಹೊಲಿಯುತ್ತಿರುತ್ತೇನೆ
ಅರ್ಧ ಹಾಸನದ ಹೆಂಗಸರ ರವಿಕೆಗಳಿಗೆ.
ಜಲಜಳದು ಮಾತ್ರ
ಕತ್ತರಿಸಿದ್ದು ಕತ್ತರಿಸಿದ ಹಾಗೇ, ಕವರಿನಲ್ಲಿ.
'ನನಗೇನು, ಖಾಕಿ ಇದೆಯಲ್ಲ' ಎನ್ನುತ್ತಾಳೆ
ಐದಕ್ಕೇ ಎದ್ದು ಅದಕ್ಕೆ ಇಸ್ತ್ರಿ ಹಾಕುತ್ತಾ.
ಊರಿಗೆ ಊರೇ ತವರಿಗೆ ಹೊರಟ ದಿನ
ಸೀಟಿ ಊದುವವರೂ ಒಬ್ಬರು ಬೇಕಲ್ಲ.

ಹಾಗಾಗಿ ನಮ್ಮ ಹಬ್ಬ ಒಂಬತ್ತು ನಲವತ್ತರ ಬಸ್ಸು:
ಹಾಸನ, ಬೇಲೂರು, ಚಿಕ್ಕಮಗಳೂರು.
ಸಿಂಚನಳ ಮಡಿಲಲ್ಲಿ ಒಬ್ಬಟ್ಟಿನ ಡಬ್ಬಿ,
ಲಿಖಿತನ ಕೈಯಲ್ಲಿ ನೀರು, ವಾಂತಿಗೊಂದು ನಿಂಬೆಹಣ್ಣು,
ಕಿಟಕಿಯಿಂದ ಕರ್ಚೀಫು ಎಸೆದು ನಾನು ಹಿಡಿದ ಸೀಟು.
ಕಟ್ಟಿಕೊಂಡವಳಿಗೇ ಕಾಸು ಕೊಟ್ಟು
ಒಂದೂವರೆ ಟಿಕೆಟ್ ತೆಗೆದುಕೊಳ್ಳುತ್ತೇನೆ;
'ಚಿಲ್ಲರೆ ಕೊಡ್ರೀ' ಎನ್ನುತ್ತಾಳೆ, ಗುರುತೇ ಇಲ್ಲದವಳ ಹಾಗೆ.
ಮಗನಿಗೆ ಪ್ರತಿ ವರ್ಷವೂ ಅದೇ ನಗು.

ಬಸ್ಸಿನ ತುಂಬ ಮೊರಗಳು, ಬಳೆ, ಬಾಡುತ್ತಿರುವ ಸೇವಂತಿಗೆ.
'ಎಲ್ಲಿಗವ್ವ?' ಅಂದರೆ
ಹಲ್ಲಿಲ್ಲದ ಅಜ್ಜಿಯೊಬ್ಬಳು 'ತವರಿಗೆ' ಅಂದಳು,
ಅದೇ ಊರಿನ ಹೆಸರು ಎಂಬಂತೆ.
ಜಲಜ ಮತ್ತೆ ಕೇಳಲಿಲ್ಲ.
ಹಗರೆಗೆ ಒತ್ತಿ, ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟಳು.

ಚಿಕ್ಕಕಟ್ಟೆ ಗೇಟು ಬಂದಾಗ ಸೀಟಿ ಬೇಕಿಲ್ಲ.
ನೂರುಲ್ಲಾ ಸಾಹೇಬರೇ ಬಸ್ಸು ಬದಿಗೆ ಹಾಕಿ ಇಳಿದು
ಏನೂ ಆಗಿಲ್ಲದ ಟೈರನ್ನು ಒದ್ದು ನೋಡುತ್ತಾರೆ.
ಮೈಲಿಗಲ್ಲಿನ ಹತ್ತಿರ ನನ್ನ ಬಾಮೈದ ಯೋಗೀಶ, ಕಂಕುಳಲ್ಲಿ ಮೊರ,
ಪಕ್ಕದಲ್ಲಿ ಅತ್ತೆ, ಅರಿಶಿನ ಕುಂಕುಮದ ಬಟ್ಟಲು.
ಖಾಕಿಗೆ ಸೆರಗೆಲ್ಲಿ?
ಜಲಜ ಚಿಲ್ಲರೆ ಚೀಲವನ್ನೇ ಬಾಯಿ ಬಿಡಿಸಿ ಒಡ್ಡುತ್ತಾಳೆ.
ಅತ್ತೆ ಅದಕ್ಕೇ ಮಡಿಲಕ್ಕಿ ಸುರಿಯುತ್ತಾಳೆ
ಮೂರು ಬೊಗಸೆ, ಒಂದಚ್ಚು ಬೆಲ್ಲ.
ಕಾಲಿಗೆ ಬೀಳಲು ಬಗ್ಗುವಷ್ಟರಲ್ಲಿ
'ಹೊತ್ತಾಯ್ತು, ಹೋಗವ್ವ, ಜನ ಬೈತಾರೆ'.
ಜನ ಬೈದದ್ದನ್ನು ನಾನಂತೂ ಕೇಳಿಲ್ಲ.
ಒಬ್ಬ ಮಾತ್ರ, ಟೈ ಕಟ್ಟಿದವ, ಗಡಿಯಾರ ನೋಡಿಕೊಂಡ.
ಆಮೇಲೆ ಬೇಲೂರಿನಲ್ಲಿ ಅವನಿಗೆ ಮರಳಿದ ಎರಡು ರೂಪಾಯಿಗೆ
ಅಂಟಿತ್ತು ಒಂದು ಅರಿಶಿನದ ಅಕ್ಕಿಕಾಳು.

ಚಿಕ್ಕಮಗಳೂರಿನಲ್ಲಿ ಇಪ್ಪತ್ತು ನಿಮಿಷ.
ಸ್ಟ್ಯಾಂಡಿನ ಕಂಬಕ್ಕೊರಗಿ ಒಬ್ಬಟ್ಟು ತಿನ್ನುತ್ತೇವೆ;
ಗಿರಿ ನೋಡಲು ಬಂದವರು ಜೀಪು ಹತ್ತುತ್ತಾರೆ.
ಹನ್ನೊಂದು ಸಲ ಬಂದಿದ್ದಾರೆ ನನ್ನ ಮಕ್ಕಳು ಈ ಊರಿಗೆ
ಗಿರಿ ಕಂಡಿದ್ದು ಶೌಚಾಲಯದ ಹಿಂದಿನ ಸಂದಿಯಿಂದ,
ಅದೂ ಮೋಡ ಇಲ್ಲದಿದ್ದರೆ.
ಸಾಹೇಬರಿಗೆ ತುಪ್ಪ ಹೆಚ್ಚು ಹಾಕುವ ಮಗಳನ್ನು ನೋಡುತ್ತಾ
ನಾವಿಬ್ಬರೂ ಒಂದೇ ಲೆಕ್ಕ ಹಾಕುತ್ತಿರುತ್ತೇವೆ, ಬಾಯಿಬಿಡದೆ:
ಇವಕ್ಕೆ ನಾವು ಕೊಟ್ಟಿದ್ದು ಹಬ್ಬವೋ, ಬರೀ ಓಡಾಟವೋ?

ಹೋದ ವರ್ಷ ಅದು ಹೇಗೋ ರಜೆ ಸಿಕ್ಕಿತು.
ಕವರಿನ ರವಿಕೆಯನ್ನು ಕಡೆಗೂ ಹೊಲಿದೆ; ತೋಳು ಸ್ವಲ್ಪ ಬಿಗಿ.
ಮನೆಯಲ್ಲೇ ಗೌರಿ, ಮನೆಯಲ್ಲೇ ಊಟ.
ಒಂಬತ್ತೂವರೆಗೆಲ್ಲ ಮುಗಿದು
ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
'ಈಗ ಹೊರಟಿರುತ್ತೆ' ಅಂದಳು ಜಲಜ.
ಸ್ವಲ್ಪ ಹೊತ್ತು ಬಿಟ್ಟು, 'ಈಗ ಗೇಟು'.
ಆಗಲೇ ಯೋಗೀಶನ ಫೋನು:
'ಅಕ್ಕಯ್ಯ, ಬಸ್ಸು ನಿಲ್ತು ಕಣೇ!
ಸಾಹೇಬ್ರು ಇಳಿದು ಟೈರು ನೋಡಿದ್ರು, ನೀನಿಲ್ಲ ಅಂದ್ರೂ.
ಮೊರ ಅವರ ಕೈಲೇ ಕಳಿಸಿದೀನಿ.'

ಮಧ್ಯಾಹ್ನ ಸ್ಟ್ಯಾಂಡಿಗೆ ಹೋದೆವು, ರೇಷ್ಮೆ ಉಟ್ಟವಳನ್ನು ಕರೆದುಕೊಂಡು.
ಕೈ ಎಲ್ಲಿಡಬೇಕೋ ತಿಳಿಯದೆ
ಸೊಂಟದ ಬಳಿ ಇಲ್ಲದ ಚೀಲವನ್ನು ತಡವುತ್ತಾ ನಿಂತಿದ್ದಳು.
ಮೊರ ಬಂತು, ಡ್ರೈವರ್ ಸೀಟಿನ ಪಕ್ಕ, ಟವೆಲ್ಲು ಹೊದ್ದು.
ಈ ಸಲ ಸೆರಗೊಡ್ಡಿಯೇ ಇಸಿದುಕೊಂಡಳು.
ಸೀರೆ ಸರಿ ಮಾಡಿಕೊಳ್ಳುತ್ತಾ ಮೊದಲು ಕೇಳಿದ್ದು:
'ಇವತ್ತು ಕಲೆಕ್ಷನ್ ಎಷ್ಟಾಯ್ತು, ಸಾಹೇಬ್ರೇ?'

ಈ ವರ್ಷ ಮತ್ತೆ ಡ್ಯೂಟಿ.
ಮಗಳು ಬೇಳೆ ನೆನೆಹಾಕಿ ಮಲಗಿದ್ದಾಳೆ.
ನನಗಿನ್ನೂ ಹದಿನಾಲ್ಕು ರವಿಕೆ ಬಾಕಿ.